ರಾತ್ರಿ ವ್ಯಾನ್ ನಿಲ್ಲಿಸುವ ಜಾಗವನ್ನು ಬೆಳಕಿರುವಾಗಲೇ ನೋಡಿಕೊಳ್ಳಿ

ಪ್ರಶ್ನೆ: ಈಚೆಗೆ ನಿವೃತ್ತನಾದ ನಾನು ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಅಳವಡಿಸಿಕೊಂಡಿದ್ದೇನೆ. ಜನವರಿಯಲ್ಲಿ ಪತ್ನಿಯೊಂದಿಗೆ ಶಿರಸಿ, ಯಲ್ಲಾಪುರದ ಕಡೆಯಿಂದ ಕಾರವಾರಕ್ಕೆ ಇಳಿದು ಉಡುಪಿಯವರೆಗೆ ಹೋಗುವ ಯೋಚನೆಯಿದೆ. ಸಾಧ್ಯವಾದರೆ ಮಳೆಗಾಲದಲ್ಲಿ ಮತ್ತೊಮ್ಮೆ. ಲಾಡ್ಜ್ ಹಿಡಿಯದೆ ಹೊಳೆ ದಂಡೆ, ಕಾಡಿನ ಅಂಚು, ಕಡಲ ತೀರದಂಥ ನಿರ್ಜನ ಜಾಗಗಳಲ್ಲಿ ವ್ಯಾನಿನಲ್ಲೇ ಮಲಗುವ ಆಸೆ. ಸುರಕ್ಷಿತ ಜಾಗವನ್ನು ಗುರುತಿಸುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ನಿರ್ಜನ’ ಎಂಬ ಪದದಿಂದಲೇ ಆರಂಭಿಸುತ್ತೇನೆ. ಉತ್ತರ ಕನ್ನಡದಲ್ಲಿ ಜನರಿಲ್ಲದ ಜಾಗ ಬೇಕಾದಷ್ಟಿದೆ, ಯಾರಿಗೂ ಸೇರದ ಜಾಗವಿಲ್ಲ. ರಸ್ತೆ ಬದಿಯಲ್ಲಿ ಬಯಲಿನಂತೆ ಕಾಣುವುದು ಅರಣ್ಯ ಇಲಾಖೆಯದ್ದಾಗಿರಬಹುದು, ಗೋಮಾಳವಾಗಿರಬಹುದು, ಇಲ್ಲವೇ ಅಡಿಕೆ ತೋಟದವರು ಸೊಪ್ಪು ತರುವ ಬೆಟ್ಟವಾಗಿರಬಹುದು. ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗೆ ಇರುವುದು ಸೊಪ್ಪು, ಸೌದೆಯ ಹಕ್ಕೇ ಹೊರತು ನೆಲದ ಒಡೆತನವಲ್ಲ. ಆದ್ದರಿಂದ ಅವರು ಒಪ್ಪಿದರೂ ಅಲ್ಲಿ ತಂಗುವುದು ಸರಿಯಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಂತೂ ಅನುಮತಿಯಿಲ್ಲದೆ ರಾತ್ರಿ ಉಳಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನನ್ನನ್ನು ಕೇಳಿದರೆ, ಮನೆಯವರ ಒಪ್ಪಿಗೆ ಪಡೆದು ತೋಟದ ಮನೆಯ ಅಂಗಳದಲ್ಲೋ ಅಡಿಕೆ ಒಣಗಿಸುವ ಕಣದ ಪಕ್ಕದಲ್ಲೋ ನಿಲ್ಲಿಸುವುದೇ ಮಲೆನಾಡಿನಲ್ಲಿ ಎಲ್ಲಕ್ಕಿಂತ ಸುರಕ್ಷಿತ.

ಒಪ್ಪಿಗೆ ಕೇಳುವುದು ಕೇವಲ ಕಾನೂನಿಗಾಗಿ ಅಲ್ಲ. ಒಮ್ಮೆ ಶಿರಸಿಯ ಸಮೀಪ ಕತ್ತಲಾಗುವ ಹೊತ್ತಿಗೆ ತಲುಪಿದ ನಾನು, ಒಂದು ಮನೆಯ ಗೇಟಿನ ಹೊರಗೆ ಚೊಕ್ಕವಾಗಿದ್ದ ಸಮತಟ್ಟು ಜಾಗದಲ್ಲಿ ವ್ಯಾನ್ ನಿಲ್ಲಿಸಿದ್ದೆ. ಟಾರ್ಚ್ ಹಿಡಿದು ಬಂದ ಯಜಮಾನರು ನೆಲವನ್ನು ನೋಡಲೇ ಇಲ್ಲ, ಬೆಳಕನ್ನು ಮೇಲಕ್ಕೆ ಬಿಟ್ಟರು. ನೆತ್ತಿಯ ಮೇಲೆ ತೆಂಗಿನ ಮರವೊಂದು ಬಾಗಿಕೊಂಡು, ಗೊನೆಯ ತುಂಬ ಬಲಿತ ಕಾಯಿ ಹೊತ್ತು ನಿಂತಿತ್ತು. “ಇಲ್ಲಿ ಬೇಡ ಮಾರಾಯ್ರೆ, ಆಚೆ ಕೊಟ್ಟಿಗೆ ಬದಿಗೆ ಹಾಕಿ” ಎಂದರು. ಬೆಳಿಗ್ಗೆ ಎದ್ದು ನೋಡಿದಾಗ ಮೊದಲು ನಿಲ್ಲಿಸಿದ್ದ ಜಾಗದಲ್ಲಿ ಎರಡು ಕಾಯಿ ಬಿದ್ದಿದ್ದವು. ಒಣಗಿದ ಕೊಂಬೆಯಿರುವ ಮರ, ಗಾಳಿಗೆ ಬುಡಸಮೇತ ಉರುಳುವ ಅಕೇಶಿಯಾ ನೆಡುತೋಪು ಇವುಗಳ ಕೆಳಗೂ ನಿಲ್ಲಿಸಬೇಡಿ.

ಮರಕ್ಕಿಂತ ಹೆಚ್ಚು ಹೆದರಬೇಕಾದದ್ದು ದರೆಗೆ, ಅಂದರೆ ಗುಡ್ಡದ ಕಡಿದಾದ ಬದಿಗೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೇರವಾಗಿ ಕಡಿದ ಕಡೆಗಳಲ್ಲಿ, ಅದರ ಬುಡದಲ್ಲಿ ಗಾಡಿ ನಿಲ್ಲಿಸಲು ಅಗಲವಾದ ಜಾಗ ತಾನಾಗಿಯೇ ಸಿಗುತ್ತದೆ. ಎದುರಿಗೆ ಹೊಳೆಯೂ ಇದ್ದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕ ಇದ್ದದ್ದು ಇಂಥದೇ ಜಾಗ. ಲಾರಿ ಚಾಲಕರು ಚಹಾ ಕುಡಿದು ದಣಿವಾರಿಸಿಕೊಳ್ಳುತ್ತಿದ್ದ ಆ ತಾಣದ ಮೇಲೆ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು, ಚಹಾದಂಗಡಿಯೂ ನಿಂತಿದ್ದ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಹೀಗಾಗಿ ಮಳೆಗಾಲದ ನಿಮ್ಮ ಎರಡನೆಯ ಪ್ರವಾಸದಲ್ಲಿ ಘಟ್ಟದ ರಸ್ತೆಯ ಬದಿಯಲ್ಲಿ ರಾತ್ರಿ ತಂಗುವ ಯೋಚನೆಯನ್ನು ಪೂರ್ತಿ ಬಿಟ್ಟುಬಿಡಿ.

ಹೊಳೆ ದಂಡೆಯ ವಿಷಯದಲ್ಲಿ ಜನವರಿಯೂ ನಿಶ್ಚಿಂತೆಯ ತಿಂಗಳಲ್ಲ. ಮಳೆಯಿಲ್ಲದಿದ್ದರೂ ಕಾಳಿಯಲ್ಲಿ ಕದ್ರಾ ಅಣೆಕಟ್ಟಿನ ಕೆಳಗೆ, ಶರಾವತಿಯಲ್ಲಿ ಗೇರುಸೊಪ್ಪೆಯ ಕೆಳಗೆ, ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಹೊಳೆ ಏರುತ್ತದೆ. ಮರಳುದಿಬ್ಬದ ಮೇಲೆ, ಒಣಗಿದ ಹಳ್ಳದ ಪಾತ್ರದಲ್ಲಿ ವ್ಯಾನ್ ಇಳಿಸಬೇಡಿ. ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡಿರುವ ಕಸಕಡ್ಡಿ, ಪ್ಲಾಸ್ಟಿಕ್ ಚೂರುಗಳು ನೀರು ಎಲ್ಲಿಯವರೆಗೆ ಬಂದಿತ್ತೆಂದು ಹೇಳುತ್ತವೆ. ಕಡಲ ತೀರದಲ್ಲೂ ಗುರುತು ಇದೇ: ಭರತದ (ಕಡಲ ಉಬ್ಬರದ) ಕಸ ಸಾಲಾಗಿ ಬಿದ್ದಿರುವ ಗೆರೆಗಿಂತ ಬಹಳ ಮೇಲೆ, ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಇನ್ನಷ್ಟು ಮೇಲೇರುತ್ತದೆ. ಟ್ರಾವೆಲರ್‌ನಂಥ ಭಾರದ ಗಾಡಿಯ ಹಿಂದಿನ ಚಕ್ರ ಮರಳಿನಲ್ಲಿ ಹೂತರೆ ಟ್ರ್ಯಾಕ್ಟರ್ ಬರುವವರೆಗೆ ಕಾಯುವುದೇ ಗತಿ.

ಕಾಡಿನ ಅಂಚಿನಲ್ಲಿ ಹುಲಿ, ಚಿರತೆಗಳ ಬಗ್ಗೆ ಎಲ್ಲರೂ ಕೇಳುತ್ತಾರೆ, ಉಣುಗಿನ ಬಗ್ಗೆ ಯಾರೂ ಕೇಳುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಹರಡುತ್ತದೆ, ಮತ್ತು ನೀವು ಹೊರಟಿರುವುದು ಅದರ ಕಾಲದಲ್ಲೇ. ತರಗೆಲೆಯ ಮೇಲೆ ಚಾಪೆ ಹಾಸಿ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅಲ್ಲಿಂದ ಹೊರಡಿ.

ಜಾಗ ಎಷ್ಟೇ ಒಳ್ಳೆಯದಿದ್ದರೂ ವ್ಯಾನಿನೊಳಗಿನ ಗಾಳಿ ಕೆಟ್ಟರೆ ಪ್ರಯೋಜನವಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತದ್ದು ಜನರೇಟರ್‌ನಿಂದ ಒಳನುಗ್ಗಿದ ಕಾರ್ಬನ್ ಮಾನಾಕ್ಸೈಡ್‌ನಿಂದ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದು, ಚಳಿಗೆಂದು ಒಳಗೆ ಕೆಂಡ ಇಡುವುದು ಎರಡೂ ಕೂಡದು. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದಿಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗಿದಾಗ ತಲೆಯಿರುವ ಎತ್ತರದಲ್ಲಿರಲಿ. ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ಕೆಳಗೆ ಇಳಿಯುವುದರಿಂದ ಅದರ ಅಲಾರಂ ನೆಲದ ಹತ್ತಿರವೇ ಇರಬೇಕು.

ಇದೆಲ್ಲವನ್ನೂ ನೋಡಿಕೊಳ್ಳಲು ಬೆಳಕು ಬೇಕು. ಸಂಜೆ ನಾಲ್ಕೂವರೆಯೊಳಗೆ ಜಾಗ ತಲುಪಿ, ಗಾಡಿಯ ಮೂತಿಯನ್ನು ರಸ್ತೆಯ ಕಡೆಗೇ ತಿರುಗಿಸಿ ನಿಲ್ಲಿಸಿ, ಮೊಬೈಲ್ ಸಿಗ್ನಲ್ ಇದೆಯೇ ನೋಡಿ, ಇರುವ ಸ್ಥಳವನ್ನು ಮನೆಯವರಿಗೆ ಕಳುಹಿಸಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಮನಸ್ಸಿಗೆ ಸರಿಬರದ ಜಾಗದಲ್ಲಿ ಕತ್ತಲಾದರೆ, ಲಾರಿಗಳು ತಂಗುವ ಪೆಟ್ರೋಲ್ ಬಂಕ್ ಹುಡುಕಿ, ಬಂಕಿನವರನ್ನು ಕೇಳಿ ನಿಲ್ಲಿಸಿ. ಸದ್ದು, ಬೆಳಕು ಸಹಿಸಬೇಕಾಗುತ್ತದೆ. ಗ್ಯಾಸ್ ಒಲೆಯನ್ನಂತೂ ಅಲ್ಲಿ ಹಚ್ಚುವಂತಿಲ್ಲ. ಹೊರಡುವ ಮುನ್ನ ಒಂದು ರಾತ್ರಿ ದಾವಣಗೆರೆಯ ಆಸುಪಾಸಿನಲ್ಲೇ ಪರಿಚಿತರ ಹೊಲದ ಮನೆಯ ಮುಂದೆ ವ್ಯಾನಿನಲ್ಲಿ ಮಲಗಿ ನೋಡಿ: ಅಲಾರಂ ಕೂಗುತ್ತದೆಯೇ, ಕಿಟಕಿಗೆ ಸೊಳ್ಳೆಪರದೆ ಸಾಲುತ್ತದೆಯೇ ಎಂಬುದು ಅಂದೇ ತಿಳಿಯುತ್ತದೆ.