ಪ್ರತಿ ಪಾಠಕ್ಕೂ ಒಂದು ವಚನ ಹುಡುಕಬೇಡಿ

ಕ್ರೈಸ್ತ ಶಾಲೆಯೊಂದಕ್ಕೆ ಹತ್ತನೆಯ ತರಗತಿಯ ವಿಜ್ಞಾನ ಶಿಕ್ಷಕರಾಗಿ ಹೊಸದಾಗಿ ಸೇರಿರುವ ನೀವು, ಪಾಠಯೋಜನೆಯ ‘ಸತ್ಯವೇದದ ದೃಷ್ಟಿ’ ಎಂಬ ಕಾಲಮ್ಮಿಗೆ ಪ್ರತಿ ಪಾಠಕ್ಕೂ ಹೊಂದುವ ಬೈಬಲ್ ವಚನ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಬೆಂಗಳೂರಿನ ಇಂಥದೇ ಶಾಲೆಯಲ್ಲಿ ಆ ಕಾಲಮ್ಮನ್ನು ಒಂದು ಪಾಠವೂ ಖಾಲಿ ಉಳಿಯದಂತೆ ನಾನು ವರ್ಷಗಟ್ಟಲೆ ತುಂಬಿದ್ದೇನೆ. ತೊಂದರೆಯಾದದ್ದೇ ಅದರಿಂದ.

ಬೆಳಕಿನ ಪಾಠದಲ್ಲಿ ಕಾಮನಬಿಲ್ಲು ಬರುತ್ತದೆ. ಮಳೆಹನಿಯನ್ನು ಹೊಕ್ಕ ಬೆಳಕು ವಕ್ರೀಭವನಗೊಂಡು, ಬಣ್ಣಗಳಾಗಿ ಒಡೆದು, ಹನಿಯ ಹಿಂಬದಿಯಲ್ಲಿ ಪ್ರತಿಫಲಿಸಿ, ಹೊರಬರುವಾಗ ಮತ್ತೊಮ್ಮೆ ಬಾಗುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ. ಅದರ ಕೆಳಗೇ, ಜಲಪ್ರಳಯದ ನಂತರ ದೇವರು ನೋಹನಿಗೆ ಮುಗಿಲಿನಲ್ಲಿ ಬಿಲ್ಲನ್ನು ಒಡಂಬಡಿಕೆಯ ಗುರುತಾಗಿ ಇಟ್ಟ ಆದಿಕಾಂಡ 9ನೆಯ ಅಧ್ಯಾಯದ ಮಾತನ್ನೂ ಬರೆಸಿದೆ. ಕಿರುಪರೀಕ್ಷೆಯಲ್ಲಿ ಕಾಮನಬಿಲ್ಲಿಗೆ ಕಾರಣ ಕೇಳಿದಾಗ ಒಬ್ಬ ಹುಡುಗಿ ಒಡಂಬಡಿಕೆಯನ್ನು ಮಾತ್ರ ಬರೆದಿದ್ದಳು. ನಾನು ಸೊನ್ನೆ ಹಾಕಿದೆ. ಉತ್ತರಪತ್ರಿಕೆ ಹಿಡಿದು ಬಂದವಳು, ‘ನೀವೇ ಬೋರ್ಡ್ ಮೇಲೆ ಬರೆಸಿದ್ರಲ್ಲ ಮಿಸ್, ಹಾಗಾದ್ರೆ ಅದು ಸುಳ್ಳಾ?’ ಎಂದಳು.

ಇದನ್ನು ಬಿಡಿಸಿಯೇ ಹೇಳಬೇಕು. ತಪ್ಪು ವಚನದ್ದಲ್ಲ, ವಿಜ್ಞಾನದ್ದೂ ಅಲ್ಲ. ಎರಡನ್ನೂ ‘ಕಾರಣ’ ಎಂಬ ಒಂದೇ ತಲೆಬರಹದ ಕೆಳಗೆ ಇಟ್ಟದ್ದು ನನ್ನ ತಪ್ಪು. ಹನಿಯೊಳಗೆ ಬೆಳಕಿಗೆ ಏನಾಗುತ್ತದೆ ಎಂಬುದು ಆದಿಕಾಂಡದ ವಿಷಯವೇ ಅಲ್ಲ. ಬಿಲ್ಲನ್ನು ಕಂಡಾಗ ಯಾವ ಮಾತು ನೆನಪಾಗಬೇಕು ಎಂಬುದು ಅದರ ವಿಷಯ. ಬೇರೆ ಬೇರೆ ಪ್ರಶ್ನೆಗಳ ಉತ್ತರಗಳನ್ನು ಒಂದೇ ಪ್ರಶ್ನೆಗೆ ಕೊಟ್ಟಾಗ ಮಗು ಎರಡರಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ, ಆರಿಸದೆ ಬಿಟ್ಟದ್ದು ತಾನಾಗಿಯೇ ಸುಳ್ಳಾಗುತ್ತದೆ. ಅದರ ಮೇಲೆ ನನ್ನ ಸೊನ್ನೆ, ಸತ್ಯವೇದಕ್ಕೆ ಅಂಕವಿಲ್ಲ ಎಂದು ಅವಳಿಗೆ ಕೆಂಪು ಶಾಯಿಯಲ್ಲಿ ಹೇಳಿದಂತಾಯಿತು. ಆ ವರ್ಷ ಮುಗಿಯುವವರೆಗೂ ಅವಳು ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಆದ್ದರಿಂದ ಎಲ್ಲ ಪಾಠಕ್ಕೂ ಒಂದು ವಚನ ಇರಲೇಬೇಕೆಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಬಾಸೆಲ್ ಮಿಷನ್ನಿನ ಕಿಟೆಲ್ ಅವರು 1894ರಲ್ಲಿ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿಗೆ ಹಳಗನ್ನಡ ಕಾವ್ಯಗಳಿಂದಲೂ ಗಾದೆಗಳಿಂದಲೂ ಉದಾಹರಣೆಗಳನ್ನು ಆಯ್ದರು; ಕ್ರೈಸ್ತ ಪಾದ್ರಿಯಾಗಿದ್ದ ಅವರ ವಿಶ್ವಾಸವನ್ನು ನಾನು ವಚನಗಳ ಎಣಿಕೆಯಲ್ಲಲ್ಲ, ಕೆಲಸದ ಆ ಶ್ರದ್ಧೆಯಲ್ಲಿ ಕಾಣುತ್ತೇನೆ.

ವೋಲ್ಟೇಜ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ತಂತಿಯ ವಿದ್ಯುತ್ಪ್ರವಾಹವೂ ಹೆಚ್ಚುತ್ತದೆ ಎನ್ನುವ ಓಮ್‌ನ ನಿಯಮದ ಪ್ರಯೋಗದಲ್ಲಿ ಗಮನಿಸಿ: ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಸರಳರೇಖೆಯಿಂದ ಆಚೆ ಬಿದ್ದರೆ ಮಕ್ಕಳು ಸದ್ದಿಲ್ಲದೆ ರಬ್ಬರಿನಿಂದ ಅಳಿಸಿ, ರೇಖೆಯ ಮೇಲೆ ಹೊಸದೊಂದನ್ನು ಇಟ್ಟು, ಕೋಷ್ಟಕದಲ್ಲಿ ರೀಡಿಂಗನ್ನೂ ತಿದ್ದುತ್ತಾರೆ. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಎನ್ನುವ ಜ್ಞಾನೋಕ್ತಿ 11:1ಕ್ಕೆ ಸರಿಯಾದ ಜಾಗ ಅದು. ಬೋರ್ಡಿನ ಮೇಲೆ ಬರೆಯುವುದೂ ಬೇಡ. ಅಳಿಸದೆ ಉಳಿಸಿದ ಚುಕ್ಕೆಗೆ ಪೂರ್ತಿ ಅಂಕ ಕೊಟ್ಟು, ಅದೇಕೆ ಆಚೆ ಬಿದ್ದಿತೆಂದು ಎಲ್ಲರೂ ಸೇರಿ ಹುಡುಕಿ. ಸಾಬೂನು ಮತ್ತು ಮಾರ್ಜಕಗಳ ಪಾಠಕ್ಕೆ ನಮ್ಮ ಬೆಳ್ಳಂದೂರು ಕೆರೆ ಸಾಕು. ಒಂದು ತುದಿ ನೀರಿಗೂ ಇನ್ನೊಂದು ತುದಿ ಜಿಡ್ಡಿಗೂ ಅಂಟುವ ಅಣುಗಳು ಮನೆಯ ಬಚ್ಚಲಿನಿಂದ ಕೊಳಚೆಯೊಂದಿಗೆ ಕೆರೆ ಸೇರಿ, ಕೋಡಿಯಲ್ಲಿ ನೀರು ಧುಮುಕುವಾಗ ನೊರೆಯಾಗಿ ಏಳುತ್ತವೆ. 2017ರ ಫೆಬ್ರವರಿಯಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತ್ತು. ರಸಾಯನಶಾಸ್ತ್ರವನ್ನು ಪೂರ್ತಿ ಕಲಿಸಿದ ಮೇಲೆ, ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ ಎನ್ನುವ ಆದಿಕಾಂಡ 2:15ನ್ನು ಓದಿದರೆ ಅಲ್ಲಿ ಯಾವ ಉತ್ತರಕ್ಕೂ ಅದು ಅಡ್ಡ ಬರುವುದಿಲ್ಲ.

ಉಳಿದ ಪಾಠಗಳ ಮುಂದೆ ಕಾಲಮ್ಮನ್ನು ಖಾಲಿ ಬಿಡಿ, ಏಕೆ ಬಿಟ್ಟಿರೆಂದು ಮುಖ್ಯೋಪಾಧ್ಯಾಯರಿಗೆ ನೀವೇ ಹೋಗಿ ತಿಳಿಸಿ. ನಿಮ್ಮ ತರಗತಿಯಲ್ಲಿ ಅನ್ಯಧರ್ಮದ ಮಕ್ಕಳೂ ಇರುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೆಯ ವಿಧಿ ಹೇಳುತ್ತದೆ. ಅಂಥ ಒಪ್ಪಿಗೆಯನ್ನು ನಿಮ್ಮ ಶಾಲೆ ಪೋಷಕರಿಂದ ಪಡೆದಿದೆಯೇ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.