ಸೂಪರ್‌ವೈಸರ್ ಕಾಟ, ಎಚ್‌ಆರ್ ಕೇಳಿದರೆ 'ರಾಜೀನಾಮೆ ಕೊಡು' ಅಂತಾರೆ. ಕಾನೂನಿನಲ್ಲಿ ದಾರಿ ಇದೆಯಾ?

ಮೊದಲು, ಆ ರಾಜೀನಾಮೆಗೆ ಸಹಿ ಹಾಕಬೇಡಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನಾಲ್ಕೂವರೆ ವರ್ಷದಿಂದ ಟೈಲರ್ ಅಂದಿದ್ದೀರಿ. ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು, ಸಿಗಲು ಸಾಮಾನ್ಯವಾಗಿ ಐದು ವರ್ಷ ತುಂಬಬೇಕು. 'ನೀನೇ ಬಿಟ್ಟು ಹೋಗು' ಅನ್ನುವುದರ ಹಿಂದೆ ಆ ಲೆಕ್ಕವೂ ಇರಬಹುದು. ಒಮ್ಮೆ ಬರೆದುಕೊಟ್ಟರೆ, ಬಲವಂತವಾಗಿ ಬರೆಸಿಕೊಂಡರು ಅಂತ ಸಾಬೀತು ಮಾಡುವ ಹೊರೆ ನಿಮ್ಮ ಮೇಲೇ ಬೀಳುತ್ತದೆ.

ನಾನು ವಕೀಲೆ ಅಲ್ಲ. ಫ್ಯಾಕ್ಟರಿ ಹೆಣ್ಣುಮಕ್ಕಳಿಗೆ ದೂರು ಬರೆಯಲು ನೆರವಾಗುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಬಗೆಯ ಕಾಟ ಇದೆ. ಟಾರ್ಗೆಟ್ ಆಗಿಲ್ಲ ಅಂತ ಕೂಗಾಡುವುದು, ಪೀಸ್ ಮುಖಕ್ಕೆ ಎಸೆಯುವುದು ಒಂದು. ಬರೀ ಇಂಥ ದಬ್ಬಾಳಿಕೆಗೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಯೂನಿಯನ್, ಕಾರ್ಮಿಕ ಇಲಾಖೆ ಅಂತ ಸುತ್ತಬೇಕು. ಜಾತಿ ಹಿಡಿದು ನಾಲ್ಕು ಜನರ ಮುಂದೆ ಬೈದಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇನ್ನೊಂದು, ಮೈ ಬಗ್ಗೆ ಅವನು ಆಡುವ ಮಾತು ಮತ್ತು ರಾತ್ರಿ ಕಳಿಸುವ ವಾಟ್ಸಾಪ್ ಮೆಸೇಜು. ಅದು ನೇರವಾಗಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಗೆ ಬರುತ್ತದೆ. ನಿಮ್ಮ ಗಟ್ಟಿ ನೆಲ ಇದೇ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. ದೂರು ಎಚ್‌ಆರ್‌ಗಲ್ಲ, ಈ ಸಮಿತಿಗೆ ಕೊಡಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಬರೆಯಲು ಕಷ್ಟವಾದರೆ ಬರೆಯಲು ನೆರವು ಕೊಡುವುದೂ ಸಮಿತಿಯ ಕೆಲಸವೇ.

ಬಹಳ ದೂರುಗಳು ಸೋಲುವುದು ನಾಚಿಕೆಯಿಂದ. 'ಅಸಭ್ಯವಾಗಿ ಮಾತಾಡಿದರು' ಅಂತ ಒಂದು ಸಾಲು ಬರೆದು ಬಿಟ್ಟುಬಿಡುತ್ತಾರೆ. ಅದನ್ನು ಓದಿದವರಿಗೆ ಏನೂ ಕಾಣುವುದಿಲ್ಲ. ಅವನು ಅಂದ ಮಾತನ್ನು ಅಂದ ಹಾಗೇ ಬರೆಯಿರಿ, ಎಷ್ಟೇ ಹೊಲಸಿರಲಿ. ತಾರೀಕು, ಯಾವ ಲೈನು, ಊಟಕ್ಕೆ ಮುಂಚೆಯೋ ಆಮೇಲೋ, ಪಕ್ಕದ ಮೆಷಿನ್‌ನಲ್ಲಿ ಯಾರಿದ್ದರು, ಎಲ್ಲ ಬರೆಯಿರಿ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇದ್ದರೂ ಮೂಲ ಫೋನ್ ಮಾರಬೇಡಿ. ದೂರಿನ ಒಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ.

ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಅಷ್ಟರಲ್ಲಿ ಅವನ ಕೈಕೆಳಗೇ ಇರಬೇಕಾಗಿಲ್ಲ. ಅವನನ್ನೋ ನಿಮ್ಮನ್ನೋ ಬೇರೆ ಕಡೆ ಹಾಕಿ, ಅಥವಾ ನನಗೆ ರಜೆ ಕೊಡಿ ಅಂತ ಲಿಖಿತವಾಗಿ ಕೇಳಿ. ಮೂರು ತಿಂಗಳವರೆಗೂ ಹೆಚ್ಚುವರಿ ರಜೆ ಶಿಫಾರಸು ಮಾಡಲು ಸಮಿತಿಗೆ ಅಧಿಕಾರವಿದೆ. ನಡುವೆ 'ಇಷ್ಟು ದುಡ್ಡು ತಗೊಂಡು ಮುಗಿಸಿಬಿಡಮ್ಮ' ಅಂತ ಯಾರಾದರೂ ಬಂದರೆ ತಿಳಿದಿರಲಿ: ರಾಜಿ ಕೇಳಬೇಕಾದವರು ನೀವು, ಅದೂ ದುಡ್ಡಿನ ಮೇಲೆ ಆಗುವಂತಿಲ್ಲ. 'ಸಾಬೀತಾಗದಿದ್ದರೆ ನಿನ್ನ ಮೇಲೇ ಕೇಸ್' ಅನ್ನುವುದೂ ಬರೀ ಬೆದರಿಕೆ. ಸಾಬೀತಾಗದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ.

ಪೊಲೀಸ್ ದೂರು ಬೇರೆ ದಾರಿ, ಎರಡೂ ಜೊತೆಗೆ ನಡೆಯಬಹುದು. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಲೈಂಗಿಕ ಕಿರುಕುಳದ್ದು. ಮೈಮುಟ್ಟಿದ್ದರೆ ಸಮಿತಿಯ ವಿಚಾರಣೆಗೆ ಕಾಯದೆ ಪೊಲೀಸರ ಹತ್ತಿರ ಹೋಗಿ ಅಂತ ನನ್ನ ಅಭಿಪ್ರಾಯ.

ಫ್ಯಾಕ್ಟರಿಯಲ್ಲಿ ಸಮಿತಿಯೇ ಇಲ್ಲದಿದ್ದರೆ? ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಬೀಳಬಹುದು. ನೀವು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಕಾಟ ಕೊಡುವವನು ಮಾಲೀಕನೇ ಆದರೂ ಅಲ್ಲಿಗೇ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ವಕೀಲರ ಫೀಸಿಗೆ ಹೆದರಬೇಡಿ, ಹೆಂಗಸರಿಗೆ ಸಂಬಳ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ; 15100ಕ್ಕೆ ಫೋನ್ ಮಾಡಿ. ಸಮಿತಿಯವರು ದೂರು ತಗೊಳ್ಳಲ್ಲ ಅಂದರೆ ಅದೇ ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.