ಚಾಕುವಿನ ಹಿಡಿಕೆಗೆ ಫೈಬರ್ ಗ್ಲಾಸ್ ಶೀಟ್ ಹಾಕಬಹುದಾ?

ಬೀದರಿನಿಂದ ಕೇಳಿದ್ದೀರಿ. ಕಂಬಾರರ ಹತ್ತಿರ ಮಾಡಿಸಿದ ಅಡುಗೆ ಚಾಕುವಿನ ಮರದ ಹಿಡಿಕೆ ಬೇಸಿಗೆ ಬಂದರೆ ಸಡಿಲ ಆಗುತ್ತದೆ, ಅದರ ಬದಲು ಜಿ-10 ಫೈಬರ್ ಗ್ಲಾಸ್ ಹಾಕಬಹುದಾ, ಮನೆಯಲ್ಲೇ ಮಾಡಬಹುದಾ, ಧೂಳು ಅಪಾಯ ಅನ್ನೋದು ನಿಜವಾ ಅಂತ. ಹಾಕಬಹುದು, ಮನೆಯಲ್ಲೇ ಆಗುತ್ತದೆ. ಧೂಳಿನ ಮಾತು ನಿಜ. ಅದನ್ನು ನೀರಿನಿಂದಲೇ ಹಿಡಿಯಬೇಕು. ಉಳಿದ ಕೆಲಸ ನೀವು ಅಂದುಕೊಂಡಷ್ಟು ಕಷ್ಟವಿಲ್ಲ.

ನಾನು ಕಲಬುರಗಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತೇನೆ, ಹಾಗಾಗಿ ಈ ಶೀಟ್ ಕೈಗೆ ಪಳಗಿದ್ದು. ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಅನ್ನುವ, ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು, ಬಿಸಿಯಲ್ಲಿ ಒತ್ತಿದರೆ ಜಿ-10. ಬೇಗ ಬೆಂಕಿ ಹತ್ತದಂತೆ ಮಾಡಿದ ಅದರ ತಮ್ಮನೇ ಎಫ್‌ಆರ್-4, ಸರ್ಕ್ಯೂಟ್ ಬೋರ್ಡಿಗೆ ಹಾಕುವುದು. ಹಿಡಿಕೆಗೆ ಎರಡೂ ನಡೆಯುತ್ತವೆ. ಇನ್ಸುಲೇಷನ್ ಸಾಮಾನು ಮಾರುವ ಅಂಗಡಿಯಲ್ಲಿ ಗ್ಲಾಸ್ ಎಪಾಕ್ಸಿ ಶೀಟ್ ಅಂತ ಕೇಳಿ. ಸಾಮಾನ್ಯವಾಗಿ ತಿಳಿ ಹಸಿರು-ಹಳದಿ ಬಣ್ಣದ್ದು ಸಿಗುತ್ತದೆ. ಕಂದು ಬಣ್ಣದ ಹೈಲಂ ಕೊಟ್ಟರೆ ಅದು ಬೇರೆ ಮಾಲು. ಅದರೊಳಗೆ ಗಾಜಿರಲ್ಲ, ಕಾಗದವೋ ಹತ್ತಿ ಬಟ್ಟೆಯೋ ಇರುತ್ತದೆ.

ನಿಮ್ಮ ಹಿಡಿಕೆ ಸಡಿಲ ಆಗುವುದರಲ್ಲಿ ಕಂಬಾರರ ತಪ್ಪೇನೂ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರಲ್ಲ. ಮರ ಒಣಗಿ ಕುಗ್ಗುತ್ತದೆ, ಮಳೆ ಬಂದರೆ ಹಿಗ್ಗುತ್ತದೆ. ಉಕ್ಕು ಅದರ ಜೊತೆ ಕುಗ್ಗಲ್ಲ, ಹಿಗ್ಗಲ್ಲ. ನಡುವೆ ಸಂದಿ ಬಿಟ್ಟು, ನೀರು ಸೇರಿ, ಒಳಗೇ ತುಕ್ಕು ಹಿಡಿಯುತ್ತದೆ. ಜಿ-10 ನೀರು ಹೀರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ತೂಕ ಜಾಸ್ತಿ. ಅದೇ ಅಳತೆಯ ಬೀಟೆ ಮರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅಡುಗೆ ಚಾಕುವಿಗೆ ಒಂದೊಂದು ಬದಿಗೆ 5 ಮಿಲಿಮೀಟರ್ ದಪ್ಪ ಸಾಕು.

ಶೀಟ್ ತರುವ ಮೊದಲು ಹಳೆ ಹಿಡಿಕೆ ಬಿಚ್ಚಿ ನೋಡಿ. ಉಕ್ಕು ಹಿಡಿಕೆಯ ಉದ್ದಕ್ಕೂ ಪಟ್ಟಿಯಂತೆ ಬಂದಿದ್ದರೆ ಎರಡು ಬದಿಗೆ ಎರಡು ತುಂಡು ಕೂರಿಸಿದರೆ ಆಯ್ತು. ಆದರೆ ಕಂಬಾರರ ಚಾಕುಗಳಲ್ಲಿ ಎಷ್ಟೋ ಸಲ ಚೂಪಾದ ಬಾಲ ಮಾತ್ರ ಇರುತ್ತದೆ, ಅದನ್ನು ಕಾಯಿಸಿ ಮರಕ್ಕೆ ಹೊಡೆದಿರುತ್ತಾರೆ. ಹಾಗಿದ್ದರೆ ಮೂರು ಪದರ ಮಾಡಿ. ನಡುವಿನ ಪದರ ಬಾಲದಷ್ಟೇ ದಪ್ಪ ಇರಲಿ, ಅದರಲ್ಲಿ ಬಾಲದ ಆಕಾರಕ್ಕೆ ಜಾಗ ಕತ್ತರಿಸಿ ಬಾಲ ಕೂರಿಸಿ, ಮೇಲೆ ಕೆಳಗೆ ಒಂದೊಂದು ತುಂಡು ಅಂಟಿಸಿ.

ಈಗ ಧೂಳು. ಸಣ್ಣ ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತವೆ, ಕಣ್ಣು ಉರಿಸುತ್ತವೆ, ಉಸಿರಿನ ಜೊತೆ ಒಳಗೆ ಹೋದರೆ ಗಂಟಲು, ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕೇ ಬೇಕು, ಕನ್ನಡಕವೂ ಬೇಕು. ಗ್ರೈಂಡರ್ ಮುಟ್ಟಬೇಡಿ. ಒಣಗಿದ್ದನ್ನು ಉಜ್ಜಿದರೆ ಮನೆ ತುಂಬ ಧೂಳು, ನೀರು ಹಾಕಿ ಮಷಿನ್ ಓಡಿಸಿದರೆ ಕರೆಂಟ್ ಹೊಡೆಯುತ್ತದೆ. ಕೈಯಿಂದಲೇ ಮಾಡಿ, ಅಂಗಳದಲ್ಲಿ ಮಾಡಿ, ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ.

ನಾನು ಮಾಡುವ ರೀತಿ ಹೀಗೆ. ಪಾಲಿಶ್ ಗ್ರಾನೈಟ್ ತುಂಡಿನ ಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಹಾಸುತ್ತೇನೆ. ನಮ್ಮ ಶಹಾಬಾದ್ ಕಲ್ಲು ಇದಕ್ಕೆ ಆಗಲ್ಲ, ಅದರ ಮೈ ಅಷ್ಟು ಸಮ ಇರಲ್ಲ. ನೀರು ಚಿಮುಕಿಸುತ್ತಾ ಉಜ್ಜಿದರೆ ಧೂಳು ಏಳದೆ ಹಾಲಿನಂಥ ಕೆಸರಾಗುತ್ತದೆ. ಆ ಕೆಸರು ಒಣಗುವ ಮೊದಲೇ ಒದ್ದೆ ಕಾಗದದಿಂದ ಒರೆಸಿ ಕವರಿಗೆ ಹಾಕಿ ಕಟ್ಟಿಬಿಡಿ. ಒಣಗಿದ ಮೇಲೆ ಗುಡಿಸಿದರೆ ಮತ್ತೆ ಧೂಳೇ ಅಲ್ವಾ? ಕೈ ತುರಿಸಿದರೆ ತಿಕ್ಕಬೇಡಿ. ಮೊದಲು ತಣ್ಣೀರು ಹಾಯಿಸಿ, ಆಮೇಲೆ ಸೋಪು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಕತ್ತರಿಸಲು ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು, ಇಲ್ಲಿಯೂ ನೀರು ಬಿಡುತ್ತಿರಿ. ಗಾಜು ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ, ಒಂದೆರಡು ಜಾಸ್ತಿ ಇಟ್ಟುಕೊಳ್ಳಿ. ಪಿನ್ ಕೂರಿಸುವ ತೂತು ಹಾಕಲು ಕಾರ್ಬೈಡ್ ಬಿಟ್ ಒಳ್ಳೆಯದು. ಇದನ್ನು ಕೈಯಿಂದ ತಿರುಗಿಸುವ ಡ್ರಿಲ್‌ನಲ್ಲಿ ನಿಧಾನ ಮಾಡಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆಯುತ್ತಿರಿ. ಕೆಳಗೆ ಮರದ ತುಂಡು ಬಿಗಿಯಾಗಿ ಕೊಡಿ. ಇಲ್ಲದಿದ್ದರೆ ಬಿಟ್ ಆಚೆ ಬರುವಾಗ ಪದರ ಸಿಗಿದು ಬರುತ್ತದೆ.

ಅಂಟಿಸುವ ಮೊದಲು ಒಂದು ಕೆಲಸ ಮರೆಯಬೇಡಿ. ಅಲಗಿನ ಕಡೆ ಇರುವ ಹಿಡಿಕೆಯ ಮುಂದಿನ ತುದಿಯನ್ನು ಆಗಲೇ ಪೂರ್ತಿ ನಯ ಮಾಡಿ ಮುಗಿಸಬೇಕು. ಅಂಟಿಸಿದ ಮೇಲೆ ಅಲ್ಲಿ ಉಜ್ಜಿದರೆ ಅಲಗಿಗೆ ಗೀರು ಬೀಳುತ್ತದೆ. ಒಳಮೈಯನ್ನು ಮಾತ್ರ 80 ನಂಬರ್ ಪೇಪರಿನಲ್ಲಿ ಒರಟು ಮಾಡಿ, ಒಣಗಿಸಿ, ಅಸಿಟೋನ್‌ನಲ್ಲಿ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಅಂಟಿಗೆ ಅರಾಲ್ಡೈಟ್, ಅದರಲ್ಲೂ ನಿಧಾನ ಹಿಡಿಯುವುದೇ ತನ್ನಿ. ಮಧ್ಯಾಹ್ನದ ಸೆಖೆಯಲ್ಲಿ ಅದೂ ಬೇಗ ಗಟ್ಟಿಯಾಗುತ್ತದೆ, ಸಂಜೆ ಮಾಡಿ. ಹಿತ್ತಾಳೆ ಪಿನ್ ಕೂರಿಸಿ ಕ್ಲಾಂಪ್ ಹಾಕುವಾಗ ಜೋರಾಗಿ ಬಿಗಿಯಬೇಡಿ, ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯಲ್ಲ. ಹೊರಬಂದ ಅಂಟನ್ನು ಹಸಿ ಇದ್ದಾಗಲೇ ಅಸಿಟೋನ್ ಹತ್ತಿಯಿಂದ ತೆಗೆಯಿರಿ. 24 ಗಂಟೆ ಮುಟ್ಟಬೇಡಿ.

ಆಮೇಲೆ ಆಕಾರಕ್ಕೆ ಅರ, ನಂತರ ವಾಟರ್ ಪೇಪರ್ 120, 240, 400. ನನ್ನ ಪ್ರಕಾರ ಅಲ್ಲಿಗೆ ನಿಲ್ಲಿಸಿ. ಕನ್ನಡಿಯಂತೆ ಹೊಳಪು ಮಾಡಿದರೆ ಒದ್ದೆ ಕೈಯಲ್ಲಿ ಜಾರುತ್ತದೆ. ಕೊನೆಗೆ ಹತ್ತಿಯ ಉಂಡೆಯನ್ನು ಅಂಚುಗಳ ಮೇಲೆ ಹಗುರವಾಗಿ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಗಾಜು ಇನ್ನೂ ಚುಚ್ಚುತ್ತಿದೆ, ಅಲ್ಲಿ ಇನ್ನಷ್ಟು ಉಜ್ಜಿ. ಹಿಡಿಕೆ ಬಿಚ್ಚಿದ ಮೇಲೆ ಒಳಗೆ ಪಟ್ಟಿ ಇದೆಯಾ, ಬಾಲ ಇದೆಯಾ ಅಂತ ಕೆಳಗೆ ಬರೆಯಿರಿ. ಬಾಲವಾದರೆ ನಡುವಿನ ಪದರ ಎಷ್ಟು ದಪ್ಪ ಬೇಕು ಅಂತ ಹೇಳುತ್ತೇನೆ.